ಗೋರಂಟಿ ಹೂವಿನ ಹುಳಿ

ಅವರು ತೀರಿಕೊಂಡ ಸುದ್ದಿ ನನಗೆ ಮೊದಲು ಬರಲಿಲ್ಲ. ನನ್ನ ಮಗಳಿಗೆ ಬಂತು, ಅವಳಿಂದ ನನಗೆ. ಒಂದೇ ಶಾಲೆಯ ಒಂದೇ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಅವರ ಪಕ್ಕದ ಕುರ್ಚಿಯಲ್ಲಿ ಕೂತವಳು ನಾನು. ಆದರೂ ಅವರ ಊರಿನವರು ಫೋನ್ ಮಾಡಿದ್ದು ನನ್ನ ಮಗಳಿಗೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ನನಗೆ ಆ ಹೊತ್ತಿನಲ್ಲೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಅಳು ಬಂದದ್ದು ಆಮೇಲೆ.

ಹೆಸರು ಬರೆಯುವುದಿಲ್ಲ. ಬರೆದರೆ ರಾಯದುರ್ಗದಲ್ಲಿ ಓದಿದ ಸುತ್ತ ಹತ್ತೂರಿನ ಮಕ್ಕಳೆಲ್ಲ “ನಮ್ಮ ಟೀಚರು, ನಮ್ಮ ಟೀಚರು” ಎಂದು ಶುರು ಮಾಡುತ್ತಾರೆ. ನಾನೂ ಅದೇ ಮಕ್ಕಳಿಗೆ ಪಾಠ ಹೇಳಿದವಳು. ನನ್ನ ಹೆಸರು ಹೇಳಿದರೆ ಹಾಗೆ ಯಾರಾದರೂ ತಲೆ ಎತ್ತುತ್ತಾರೋ ಇಲ್ಲವೋ ಎಂದು ಪರೀಕ್ಷಿಸಿ ನೋಡುವ ಧೈರ್ಯ ನನಗಿಲ್ಲ.

ಅವರು ಮಡಕಶಿರದ ಕಡೆಯವರು. ರತ್ನಗಿರಿ ಹತ್ತಿರದ ಹಳ್ಳಿ, ಕುರಿ ಸಾಕುವ ಮನೆ. ವರ್ಗವಾಗಿ ನಮ್ಮ ಹೈಸ್ಕೂಲಿಗೆ ಬರುವವರೆಗೆ ಜೀವಶಾಸ್ತ್ರಕ್ಕೆ ನಾನೊಬ್ಬಳೇ ಇದ್ದೆ. ಬಂದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತು, ಕಣ್ಣು ಅರ್ಧ ಮುಚ್ಚಿ, ಗಾಳಿಯನ್ನು ನಿಧಾನವಾಗಿ ಒಳಗೆಳೆದುಕೊಂಡು, “ಯಾರೋ ಹುಚ್ಚೆಳ್ಳು ಪುಡಿ ತಂದವ್ರೆ” ಅಂದರು. ನಾವು ಗುರೆಳ್ಳು ಅನ್ನುವುದನ್ನು ಅವರ ಕಡೆ ಹುಚ್ಚೆಳ್ಳು ಅನ್ನುತ್ತಾರೆ. ಅದು ಇದ್ದದ್ದು ನನ್ನ ಚೀಲದ ತಳದಲ್ಲಿ, ಮುಚ್ಚಳ ಹಾಕಿದ ಡಬ್ಬಿಯಲ್ಲಿ. ಎಲ್ಲರೂ ಹೌದೇನ್ರಿ, ತೋರಸ್ರಿ ಎಂದು ಕೈ ಹಾಕಿ ಖಾಲಿ ಮಾಡಿದರು. ಪುಡಿ ನನ್ನದು, ಹೊಗಳಿಕೆ ಅವರದು. ಮಧ್ಯಾಹ್ನ ನಾನು ಒಣ ರೊಟ್ಟಿ ತಿಂದೆ.

ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಆದರೂ ಮೊದಲ ದಿನದಿಂದಲೇ ನನ್ನನ್ನು ‘ಅಕ್ಕ’ ಎಂದು ಕರೆದರು. ಗೌರವಕ್ಕೆ ಕರೆಯುತ್ತಿದ್ದರು, ಅದು ಗೊತ್ತು. ಆದರೆ ಆಮೇಲೆ ಕೆಲಸಕ್ಕೆ ಸೇರಿದ ಚಿಕ್ಕ ಟೀಚರುಗಳೆಲ್ಲ ನಮ್ಮಿಬ್ಬರಲ್ಲಿ ಮುದುಕಿ ನಾನೇ ಎಂದು ತಿಳಿದುಕೊಂಡರು.

ಕೈಗೆ ಸಿಕ್ಕಿದ್ದನ್ನೆಲ್ಲ ಮೂಸಿ ನೋಡುವ ಚಟ ಅವರಿಗೆ. ಹೊಸ ಪುಸ್ತಕ ಬಂದರೆ ನಡುವೆ ತೆರೆದು ಮುಖ ಇಟ್ಟುಬಿಡುತ್ತಿದ್ದರು. ಉತ್ತರ ಪತ್ರಿಕೆ ತಿದ್ದುವ ಮೊದಲು ಮೂಗಿಗೆ ಹಿಡಿದು, ಈ ಹುಡುಗಿ ಒಲೆ ಮುಂದೆ ಕೂತು ಓದುತ್ತಾಳೆ, ಈ ಹುಡುಗನ ಮನೆಯಲ್ಲಿ ಎಮ್ಮೆ ಐತೆ ಅನ್ನುತ್ತಿದ್ದರು. “ಕಣ್ಣು ಮರೀತೈತೆ, ಕಿವಿ ಮರೀತೈತೆ, ಮೂಗು ಮಾತ್ರ ಮರೆಯಾಕಿಲ್ಲ” ಎಂಬುದು ಅವರ ಗಾದೆ. ಯಾವ ಊರಿನ ಗಾದೆಯೋ, ಅವರೇ ಹೊಸೆದದ್ದೋ, ಕೇಳಿದರೆ ನಗುತ್ತಿದ್ದರು.

ಆ ಮೂಗು ಯಾವಾಗಲೂ ಸರಿ ಇತ್ತು ಎಂದು ತಿಳಿಯಬೇಡಿ. ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲೋ ಕಮಟು ವಾಸನೆ ಬರುತ್ತಿದೆ, ಅಡಿಗೆ ಎಣ್ಣೆ ಕೆಟ್ಟಿದೆ ಎಂದು ಹಟ ಹಿಡಿದರು. ಅಡಿಗೆಯಾಕೆ ಹೊಸ ಪ್ಯಾಕೆಟ್ಟು ತೋರಿಸಿ ಅಳುವ ಹಾಗಾದಳು. ಅವರು ಬಿಡಲಿಲ್ಲ. ಮೂಗು ಮುಂದೆ ಮಾಡಿಕೊಂಡು ಅಡಿಗೆ ಕೋಣೆಯಿಂದ ವರಾಂಡಕ್ಕೆ, ವರಾಂಡದಿಂದ ಸ್ಟಾಫ್ ರೂಮಿಗೆ ಬಂದು ನನ್ನ ತಲೆಯ ಹತ್ತಿರ ನಿಂತುಬಿಟ್ಟರು. ಹಿಂದಿನ ದಿನ ನಾನು ಮನೆಯಲ್ಲೇ ಸೊಪ್ಪು ಹಾಕಿ ಕಾಯಿಸಿ ಹಚ್ಚಿಕೊಂಡ ಕೂದಲೆಣ್ಣೆ ಅದು. ಮಕ್ಕಳ ಮುಂದೆಯೇ ಅಡಿಗೆಯಾಕೆಯ ಕೈ ಹಿಡಿದು ತಪ್ಪಾಯ್ತು ಕಣವ್ವ ಅಂದರು. ಟೀಚರಮ್ಮನದು ಎಂಥ ದೊಡ್ಡ ಗುಣ ಎಂದು ವಾರವೆಲ್ಲ ಅದೇ ಮಾತು. ತಪ್ಪು ಮಾಡಿಯೂ ಹೊಗಳಿಸಿಕೊಳ್ಳುವ ವಿದ್ಯೆ ಅದು. ನನ್ನ ಎಣ್ಣೆಯ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ.

ಇವೆಲ್ಲ ಚಿಲ್ಲರೆ. ನಿಜವಾಗಿ ಹೊಟ್ಟೆಗೆ ಬೆಂಕಿ ಬಿದ್ದದ್ದು ಜೇಬಿನ ಪಾಠದ ದಿನ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟುಗಳು ಓಣಿ ಓಣಿಯಲ್ಲಿದ್ದವು. ಮಕ್ಕಳು ಶಾಲೆ ಬಿಟ್ಟ ಮೇಲೆ ತಾಯಂದಿರ ಜೊತೆ ಕೂತು ದಾರ ಕತ್ತರಿಸುತ್ತಿದ್ದರು. ಅಂಥ ಊರಿನಲ್ಲಿ ‘ಜೀನ್’ ಎಂದು ಬೋರ್ಡಿನ ಮೇಲೆ ಬರೆದರೆ ಏನಾಗಬೇಕೋ ಅದೇ ಆಗುತ್ತಿತ್ತು. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಎದ್ದು, ಜೀನ್ಸ್ ಅಪ್ಪ ಅಮ್ಮನಿಂದ ಬರುತ್ತವೆ ಅಂದರೆ ನಮ್ಮ ಮನೆಯಲ್ಲಿ ಅದು ನಿಜವೇ, ನಮ್ಮವ್ವ ಜಿಪ್ಪು ಹಚ್ಚುತ್ತಾಳೆ ಎಂದ. ಎಲ್ಲರೂ ನಕ್ಕರು. ನಾನು ಗದರಿಸಿ ಕೂರಿಸಿದೆ. ಅದೇ ಮಾತು ಅವರ ತರಗತಿಯಲ್ಲೂ ಬಂತು. ಅವರು ಗದರಿಸಲಿಲ್ಲ, ನಾಳೆ ಒಂದು ಜೇಬು ತಗೊಂಡು ಬಾ ಅಂದರು.

ಮರುದಿನ ಅವರ ಪಾಠವನ್ನು ನಾನು ಪಕ್ಕದ ಕೋಣೆಯಿಂದ ಕೇಳಿದೆ. ಮೂಗಿನ ಮೇಲುಭಾಗದಲ್ಲಿ ಒಂದು ತೇವದ ಪೊರೆ ಇದೆ. ಅದರಲ್ಲಿ ಲಕ್ಷಗಟ್ಟಲೆ ಕೋಶಗಳು. ಒಂದೊಂದು ಕೋಶದ ಮೈಮೇಲೆ ಒಂದೇ ಬಗೆಯ ಪ್ರೋಟೀನು. ಅದು ಸೂಜಿ ದಾರ ಹೋದ ಹಾಗೆ ಕೋಶದ ಗೋಡೆಯನ್ನು ಒಳಗೂ ಹೊರಗೂ ಏಳು ಸಲ ಹಾದು, ನಡುವೆ ಒಂದು ಜೇಬು ಬಿಡುತ್ತದೆ. ಗಾಳಿಯಲ್ಲಿ ಬಂದ ವಾಸನೆಯ ಕಣ ಆ ಜೇಬಿಗೆ ಹೊಂದಿಕೊಂಡು ಕೂತರೆ ಮಿದುಳಿಗೆ ಸುದ್ದಿ. ಜೇಬಿನ ಪ್ಯಾಟರ್ನೇ ಜೀನು. ಮನುಷ್ಯರಲ್ಲಿ ಅಂಥ ಪ್ಯಾಟರ್ನು ಸುಮಾರು ನಾನೂರು ಬಗೆ. ಅಷ್ಟೇ ಅಲ್ಲ, ಹೆಚ್ಚುಕಡಿಮೆ ಇನ್ನೂ ಅಷ್ಟೇ ಡ್ಯಾಮೇಜ್ ಪೀಸುಗಳೂ ನಮ್ಮೊಳಗಿವೆ. ಎಂದೋ ಕಟಿಂಗ್ ತಪ್ಪಿದ ಜೀನುಗಳು, ಅವುಗಳಿಂದ ಜೇಬು ಹೊಲಿಯಲಾಗುವುದಿಲ್ಲ. ಆದರೂ ಬಿಸಾಡದೆ ತಾತ ಮುತ್ತಾತನ ಕಾಲದಿಂದ ಮೂಟೆ ಕಟ್ಟಿ ಇಟ್ಟುಕೊಂಡು ಬಂದಿದ್ದೇವೆ. ಯಾರ ಮೂಟೆಯಲ್ಲಿ ಯಾವುದು ಡ್ಯಾಮೇಜು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಆದ್ದರಿಂದ ಒಂದೇ ಬೆಂಚಿನಲ್ಲಿ ಕೂತ ಇಬ್ಬರ ಮೂಗೂ ಒಂದೇ ಅಲ್ಲ.

ಇಷ್ಟನ್ನೂ ಹುಡುಗ ತಂದ ನೀಲಿ ಜೇಬು ಕೈಯಲ್ಲಿ ಹಿಡಿದು ಹೇಳಿದರು. ಮಕ್ಕಳು ಉಸಿರು ಬಿಡದೆ ಕೇಳಿದರು. ನಾನು ಹುಟ್ಟಿದ್ದು ಜೇಬು ಹೊಲಿಯುವ ಓಣಿಯಲ್ಲಿ. ನಮ್ಮವ್ವ ಹೊಲಿದ ಜೇಬುಗಳಲ್ಲಿ ಗೋಲಿ ತುಂಬಿಕೊಂಡು ಆಡಿದವಳು ನಾನು. ಆ ಹೋಲಿಕೆ ನನಗೆ ಹೊಳೆಯಬೇಕಿತ್ತು. ಕುರಿ ಕಾಯುವ ಊರಿನಿಂದ ಬಂದವರಿಗೆ ಹೊಳೆಯಿತು.

ಆ ವರ್ಷಗಳಲ್ಲಿ ಬಳ್ಳಾರಿಗೆ, ಬೆಂಗಳೂರಿನ ಗಾರ್ಮೆಂಟ್ಸಿಗೆ ಮನೆಗೆ ಮನೆಯೇ ಹೊರಟುಹೋಗುತ್ತಿತ್ತು. ನನ್ನ ಸೆಕ್ಷನ್ನು ತೆಳ್ಳಗಾಗುತ್ತ ಬಂತು. ಅವರ ಸೆಕ್ಷನ್ನಿನ ಮಕ್ಕಳು ಮಾತ್ರ ಅಜ್ಜಿಯ ಹತ್ತಿರ ಇರುತ್ತೇವೆ, ಅತ್ತೆಯ ಹತ್ತಿರ ಇರುತ್ತೇವೆ ಎಂದು ಅತ್ತು ಉಳಿದುಕೊಳ್ಳುತ್ತಿದ್ದರು. ಹೋದವರು ಯುಗಾದಿಗೆ ಊರಿಗೆ ಬಂದರೆ ಮೊದಲು ಈ ಟೀಚರ ಮನೆಗೆ. ಅವರು ಮಕ್ಕಳ ನೆತ್ತಿ ಮೂಸಿ, ಬೆಂಗಳೂರು ನೀರಿನ ವಾಸನೆ ಬರ್ತೈತೆ, ಇನ್ನೂ ನಮ್ಮ ಬಿಸಿಲು ಹೋಗಿಲ್ಲ ಅನ್ನುತ್ತಿದ್ದರು. ಆ ಮಕ್ಕಳು ನಮ್ಮ ಮನೆ ಮುಂದೆಯೇ ಹಾದು ಹೋಗುತ್ತಿದ್ದರು.

ಒಂದು ಸಲ ಅವರು ಸೋಲುವುದನ್ನು ನೋಡುವ ಯೋಗ ನನಗೂ ಬಂತು ಅಂದುಕೊಂಡೆ. ನಮ್ಮದು ಆಂಧ್ರದ ಗಡಿಯ ಊರು, ಹೆಡ್ಮಾಸ್ಟರು ತೆಲುಗಿನವರು. ಅವರು ನಿವೃತ್ತರಾದಾಗ ಬ್ಯಾನರಿಗೆ ಒಂದು ಸಾಲು ಬರೆದುಕೊಡಿ ಎಂದು ಎಲ್ಲರೂ ಕೇಳಿದ್ದು, ಮತ್ತೆ, ಈ ಟೀಚರನ್ನೇ. “ನಮ್ಮ ಶಾಲೆಗೆ ಕಂಪು ತಂದ ಗುರುಗಳಿಗೆ” ಎಂದು ಬರೆದುಕೊಟ್ಟರು. ಫ್ಲೆಕ್ಸ್ ಅಂಗಡಿಯವನು ಕೆಳಗೆ ತೆಲುಗಿನಲ್ಲೂ ಇರಲಿ ಎಂದು ತಾನೇ ಅನುವಾದ ಮಾಡಿದ. ಎಲ್ಲ ಪದಗಳನ್ನೂ ತೆಲುಗು ಮಾಡಿದವನು ಕಂಪನ್ನು ಮಾತ್ರ ಹಾಗೇ ಬಿಟ್ಟ. ಕನ್ನಡದಲ್ಲಿ ಕಂಪು ಅಂದರೆ ಪರಿಮಳ. ತೆಲುಗಿನಲ್ಲಿ ಕಂಪು ಅಂದರೆ ಗಬ್ಬುನಾತ. “ಮಾ ಪಾಠಶಾಲಕು ಕಂಪು ತೆಚ್ಚಿನ ಗುರುವುಗಾರಿಕಿ” ಎಂದು ಆಳೆತ್ತರದ ಅಕ್ಷರಗಳಲ್ಲಿ ಗೋಡೆ ತುಂಬ ನಿಂತಿತು. ಬೆಳಗುಪ್ಪೆಯಿಂದ ಬಂದ ಹೆಡ್ಮಾಸ್ಟರ ಬೀಗರು ಓದಿ ಮೂಗಿಗೆ ಟವೆಲು ಇಟ್ಟುಕೊಂಡರು.

ನಾನು ಸಮಾಧಾನದ ನಾಲ್ಕು ಮಾತು ಸಿದ್ಧ ಮಾಡಿಕೊಂಡು ಕೂತಿದ್ದೆ. ಹೋಗಲಿ ಬಿಡ್ರಿ, ಎಲ್ಲರಿಗೂ ಆಗತದ ಎಂದು ಅವರ ಭುಜ ತಟ್ಟುವ ಆಸೆ ಇತ್ತು. ಅವರು ನೇರವಾಗಿ ಮೈಕಿನ ಮುಂದೆ ಹೋದರು. ಪದ ಒಂದೇ, ಒಂದು ಕಿವಿಗೆ ಹೂವು, ಇನ್ನೊಂದು ಕಿವಿಗೆ ಹೇಸಿಗೆ, ಮೂಗೂ ಹಾಗೇನೇ, ಸಾರ್ ಅವರು ಎರಡು ಭಾಷೆಯ ಮಕ್ಕಳನ್ನೂ ಸಾಕಿದರು, ಅದಕ್ಕೆ ಎರಡು ಕಂಪೂ ಅವರಿಗೇ ಸೇರಬೇಕು ಅಂದರು. ಹೆಡ್ಮಾಸ್ಟರು ಕಣ್ಣೀರು ಬರುವಷ್ಟು ನಕ್ಕು ಆ ಬ್ಯಾನರನ್ನು ಮಡಚಿ ಮನೆಗೆ ತೆಗೆದುಕೊಂಡು ಹೋದರು. ನಾನು ಕೊಟ್ಟ ಗೋಡೆ ಗಡಿಯಾರ ಮೇಜಿನ ಮೇಲೇ ಉಳಿದಿತ್ತು, ಆಮೇಲೆ ಯಾರೋ ತಲುಪಿಸಿದರು.

ಇಷ್ಟಾದರೂ ನಾನು ಸಹಿಸುತ್ತಿದ್ದೆನೇನೋ. ಮಗಳು ಒಂಬತ್ತನೆಯ ತರಗತಿಗೆ ಬಂದಳು. ಸ್ವಂತ ತಾಯಿಯ ಕೈಯಲ್ಲಿ ಬೇಡ ಎಂದು ಅವಳನ್ನು ಅವರ ಸೆಕ್ಷನ್ನಿಗೆ ಹಾಕಿದರು. ನನಗೆ ಇರುವುದು ಒಬ್ಬಳೇ ಮಗಳು.

ಬೆಟ್ಟದ ಬುಡದ ಓಣಿಯಲ್ಲಿ ಅವರ ಬಾಡಿಗೆ ಮನೆ. ಅಂಗಳದ ಸುತ್ತ ಗೋರಂಟಿ ಬೇಲಿ. ಕೈಗೆ ಹಚ್ಚುವ ಗೋರಂಟಿ ಸೊಪ್ಪಿನ ಗಿಡವೇ, ಆದರೆ ಅವರಿಗೆ ಸೊಪ್ಪಿಗಿಂತ ಹೂವಿನ ಮೇಲೆ ಪ್ರೀತಿ. ಕೆನೆ ಬಣ್ಣದ ಸಣ್ಣ ಹೂವಿನ ಗೊಂಚಲುಗಳನ್ನು ನೆರಳಲ್ಲಿ ಒಣಗಿಸಿ ಸೀರೆಗಳ ನಡುವೆ, ತವರಿನ ಕಂಬಳಿಯ ಮಡಿಕೆಗಳಲ್ಲಿ ಇಡುತ್ತಿದ್ದರು. ಉಣ್ಣೆಗೆ ಹುಳ ಬೀಳುವುದಿಲ್ಲ ಎಂದು ಅವರ ಕಡೆಯ ಪದ್ಧತಿ. ಮಗಳು ಸಂಜೆ ಅಲ್ಲಿಗೆ ಹೋಗತೊಡಗಿದಳು. ಬರುವಾಗ ಜಡೆಯಲ್ಲಿ ಒಂದು ಗೊಂಚಲು ಗೋರಂಟಿ.

ಎಲ್ಲರೂ ಘಮಘಮ ಅನ್ನುವ ಆ ಹೂವು ನನಗೆ ಹುಳಿ ನಾರುತ್ತಿತ್ತು. ತೆಗೆದು ಬಿಸಾಡು ಅಂದೆ. ಅಮ್ಮ, ನಿನ್ನ ಮೂಗೇ ಸರಿ ಇಲ್ಲ ಅಂದಳು. ನನ್ನ ಗಂಡ ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರು. ನ್ಯಾಯ ಹೇಳಲು ಕರೆದರೆ ಮಗಳ ಜಡೆ ಮೂಸಿ, “ಎಟುಕದ ದ್ರಾಕ್ಷಿ ಹುಳಿ ಅಂತ ಕೇಳಿದ್ದೆ, ಎಟುಕಿದ ಹೂವೂ ಹುಳಿ ಏನು ನಿನಗ?” ಎಂದು ನಕ್ಕರು. ಮನೆಯಲ್ಲಿದ್ದದ್ದು ಮೂರು ಮೂಗು. ಎರಡು ಅವರ ಪಾರ್ಟಿ ಸೇರಿದವು.

ಮಗಳ ಬಾಯಲ್ಲಿ ದಿನಕ್ಕೊಂದು ‘ಟೀಚರ್ ಹೇಳಿದ್ರು’. ನಾನು ಬಡಿಸಿದ ಸಾರನ್ನು ಮೊದಲು ಕಣ್ಣು ಅರ್ಧ ಮುಚ್ಚಿ ಮೂಸುತ್ತಿದ್ದಳು, ಆಮೇಲೆ ಉಣ್ಣುತ್ತಿದ್ದಳು. ಹೆತ್ತದ್ದು ನಾನು, ಹೋಲುವುದು ಅವರನ್ನು. ಒಂದು ಸಂಜೆ ತಡೆಯಲಾಗದೆ ನೇರ ಅವರ ಮನೆಗೆ ಹೋದೆ. ಮಗಳು ಒಳಗೆ ಏನೋ ಬರೆಯುತ್ತಿದ್ದಳು. ನಾನು ಅಂಗಳದಲ್ಲೇ ನಿಂತೆ.

“ನನ್ನ ಮಗಳನ್ನ ನನಗ ಬಿಟ್ಟುಬಿಡ್ರಿ” ಅಂದೆ.

“ನಾನೇನ್ ಕಟ್ಟಾಕ್ಕಂಡಿದೀನಾ ಅಕ್ಕ? ಬರ್ತಾಳೆ, ಕೂತ್ಕಂತಾಳೆ, ಹೋಗ್ತಾಳೆ.”

“ಮನಿಗೆ ಬಂದರೂ ನಿಮ್ಮ ಹೂವೇ ನಾರತದ. ಹುಳಿ ಹೂವು.”

ಅವರಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಮುಖ ಅರಳಿತು. ಬೇಲಿಯಿಂದ ಒಂದು ಗೊಂಚಲು ಮುರಿದು ತಂದು ನನ್ನ ಮೂಗಿನ ಕೆಳಗೆ ಹಿಡಿದು, ನಿಜ ಹೇಳಬೇಕು, ಎಂಥ ಹುಳಿ ಎಂದು ಕೇಳಿದರು. ನಾನು ಮುಖ ತಿರುಗಿಸಿದೆ. ಆಗ ಅವರು ವಿವರಿಸಿದರು. ಸಂಪಿಗೆಯಲ್ಲಿ, ಗೋರಂಟಿ ಹೂವಿನಲ್ಲಿ ಅಯೋನೋನ್ ಎಂಬ ಒಂದು ದ್ರವ್ಯ ಇರುತ್ತದಂತೆ. ಅದನ್ನು ಹಿಡಿಯುವುದು ಮುಖ್ಯವಾಗಿ ಒಂದೇ ಒಂದು ಜೇಬು. ಆ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಜೇಬಿನ ಬಾಯಿ ಕೆಟ್ಟು, ಪರಿಮಳ ಬರುವ ಕಡೆ ಹುಳಿ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. “ಓದಿದ್ದೆ ಅಕ್ಕ, ಇಂಥೋರು ಎದುರಿಗೆ ಸಿಕ್ಕಿರ್ಲಿಲ್ಲ” ಅಂದರು. ನಾನು ಜಗಳಕ್ಕೆ ಹೋದವಳು, ಅವರಿಗೆ ಪ್ರಯೋಗದ ಕಪ್ಪೆಯಾದೆ.

“ನಿಮ್ ಮೂಗ್ನಾಗೆ ಆ ಜೇಬು ಇಲ್ಲ. ಹುಡುಗಿಗೈತೆ. ಅವರಪ್ಪನ್ ಕಡೆಯಿಂದ ಬಂದಿರ್ಬೇಕು.”

ಅವರು ಪಾಠ ಹೇಳಿದ ಹಾಗೆ ಹೇಳಿದರು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನನ್ನ ಮಗಳಿಗೂ ಅವರಿಗೂ ಒಂದು ಬಾಗಿಲು ತೆರೆದಿದೆ, ನಾನು ಎಷ್ಟು ಹೆತ್ತು ಹೊತ್ತರೂ ಅದರೊಳಗೆ ಕಾಲಿಡಲಾರೆ. ಹೊಲದ ಪಾಲು ತಪ್ಪಿದರೆ ಕೋರ್ಟಿಗೆ ಹೋಗಬಹುದು. ಈ ಒಂದು ಅಕ್ಷರಕ್ಕೆ ಯಾವ ಕೋರ್ಟಿದೆ? ಅಂದಿನಿಂದ ಅವರ ಪಕ್ಕದ ಕುರ್ಚಿಯಲ್ಲಿ ಕೂತಾಗಲೆಲ್ಲ ಆ ಹುಳಿ ಎದ್ದು ಮುಖಕ್ಕೆ ಬಡಿಯುತ್ತಿತ್ತು. ಊರಿಗೆಲ್ಲ ಅವರದು ಕನ್ನಡದ ಕಂಪು. ನನಗೆ ಮಾತ್ರ ತೆಲುಗಿನದು.

ಅವರು ನಿವೃತ್ತರಾಗಿ ಕಂಬಳಿ, ಪುಸ್ತಕ ಕಟ್ಟಿಕೊಂಡು ಊರಿಗೆ ಹೋದಾಗ ನಾನು ಬಸ್ಸಿನವರೆಗೆ ಹೋಗಿ ಕೈ ಬೀಸಿ ಬಂದೆ. ಇನ್ನು ಮಗಳು ನನ್ನವಳು ಅಂದುಕೊಂಡೆ. ಮಗಳು ಬಿ.ಎಡ್. ಮುಗಿಸಿದಳು, ಜೀವಶಾಸ್ತ್ರದ ಟೀಚರಾದಳು, ಅವಳಿಗೆ ಪೋಸ್ಟಿಂಗು ಎಲ್ಲಿ ಬಂತು ಹೇಳಿ. ಮಡಕಶಿರದ ಹತ್ತಿರ. ದೇವರೂ ಅವರ ಕಡೆಯವನೇ. ಭಾನುವಾರ ಬಂದರೆ ಮಗಳು ರಾಯದುರ್ಗದ ಬಸ್ಸು ಹತ್ತುತ್ತಿರಲಿಲ್ಲ, ರತ್ನಗಿರಿಯ ಆಟೋ ಹತ್ತುತ್ತಿದ್ದಳು. ದೂರ ಅಮ್ಮ, ಬಂದು ಹೋಗೋದಕ್ಕೇ ದಿನ ಆಗತದ ಅನ್ನುತ್ತಿದ್ದಳು. ದೂರ ನಿಜ. ಆದರೂ.

ಕೊರೊನಾ ಬಂತು. ಗಾರ್ಮೆಂಟ್ಸಿಗೆ ಹೋದವರೆಲ್ಲ ಗಂಟುಮೂಟೆ ಹೊತ್ತು ಊರಿಗೆ ಮರಳಿದ ಆ ಕಾಲದಲ್ಲಿ ಅವರಿಗೂ ಜ್ವರ ಬಂತು. ಜ್ವರ ವಾಸಿಯಾಯಿತು, ಮೂಗು ಹೋಯಿತು. ಎಷ್ಟೋ ಜನಕ್ಕೆ ಕೆಲವು ದಿನ ಹೋಗಿ ಮತ್ತೆ ಬಂತು. ಅವರಿಗೆ ಬರಲೇ ಇಲ್ಲ. ಮಗಳು ಫೋನಿನಲ್ಲಿ ಹೇಳಿದಾಗ ನನಗೂ ಪಾಪ ಅನ್ನಿಸಿತು. ಆದರೆ ಅವಳು ಮುಂದೆ ಹೇಳಿದ್ದು ಕೇಳಿ ಪಾಪ ಅನ್ನಿಸಿದ್ದು ನಿಂತಿತು. ವಾರವಾರ ಅವರ ಹತ್ತಿರ ಕೂತು, ಮಣ್ಣು, ಹಾಲು, ಕುರಿಮರಿಯ ನೆತ್ತಿ, ಹೂವು, ಎಲ್ಲವನ್ನೂ ತಾನು ಮೂಸಿ ಅವರಿಗೆ ಹೇಳುತ್ತಾಳಂತೆ. ಅವರು ಕಣ್ಣು ಮುಚ್ಚಿ ಕೇಳುತ್ತಾರಂತೆ. ಅವರ ಮೂಗು ಹೋದದ್ದೇ ತಡ, ನನ್ನ ಮಗಳ ಮೂಗೇ ಅವರದಾಯಿತು.

ಅವರು ತೀರಿಕೊಂಡ ಹನ್ನೊಂದನೆಯ ದಿನದ ಊಟ ಮುಗಿಸಿಕೊಂಡು ಮಗಳು ರಾಯದುರ್ಗಕ್ಕೆ ಬಂದಳು. ಕಂಕುಳಲ್ಲಿ ಅವರ ಕಂಬಳಿ. ಮನೆಯವರು ಇವಳಿಗೇ ಕೊಟ್ಟರಂತೆ. ಪಡಸಾಲೆಯಲ್ಲಿ ಬಿಚ್ಚಿದಾಗ ಮಡಿಕೆಯಿಂದ ಒಣಗಿದ ಗೊಂಚಲುಗಳು ಉದುರಿದವು. ಅವಳ ಅಪ್ಪ ಕುರ್ಚಿಯಿಂದಲೇ, ಇನ್ನೂ ಘಮ್ ಅಂತೈತಲ್ಲ ಅಂದರು. ಮಗಳು ಸದ್ದಿಲ್ಲದೆ ಅಳುತ್ತಿದ್ದಳು. ಒಂದು ಗೊಂಚಲು ಎತ್ತಿ ನನ್ನ ಮುಂದೆ ಹಿಡಿದಳು.

“ಹೆಂಗೈತಿ ಹೇಳಮ್ಮ.”

ಚಲೋ ಐತಿ ಅಂದಿದ್ದರೆ ಮುಗಿಯುತ್ತಿತ್ತು. ಒಂದು ಸುಳ್ಳಿಗೆ ನಾನೂ ಅವರ ಪಾರ್ಟಿ ಸೇರಿಬಿಡುತ್ತಿದ್ದೆ, ಅಳುತ್ತಿರುವ ಮಗಳ ಪಕ್ಕ ಜಾಗ ಸಿಗುತ್ತಿತ್ತು. ಬಾಯಿಗೆ ಬರಲಿಲ್ಲ.

“ಹುಳಿ” ಅಂದೆ.

“ಎಂಥ ಹುಳಿ? ಬಿಡಿಸಿ ಹೇಳು.”

ಯಾಕ ಎಂದು ಕೇಳಿದೆ. ಅವಳು ಕಣ್ಣೊರೆಸಿಕೊಂಡಳು.

“ಟೀಚರ್ ಅದನ್ನೇ ಕೇಳತಿದ್ರು. ಘಮ ನಾನು ಹೇಳತಿದ್ದೆ, ಅದು ಅವರಿಗೆ ನೆನಪಿತ್ತು. ಹುಳಿ ಅವರಿಗೆ ಮೂಗಿದ್ದಾಗಲೂ ಬಂದಿಲ್ಲ, ನನಗೂ ಬರಂಗಿಲ್ಲ. ‘ನಿಮ್ಮಮ್ಮಂಗೆ ಸಿಗೋದು ನಮ್ಮಿಬ್ರಿಗೂ ಸಿಗಾಕಿಲ್ಲ ಕಣೆ, ಅಕ್ಕನ್ನ ನೆನೆಸ್ಕಂಡ್ರೆ ಹೊಟ್ಟೆ ಉರೀತೈತೆ, ಒಂದಿನ ಕರ್ಕಂಡ್ ಬಾ, ಕೇಳ್ಬೇಕು’ ಅಂತಿದ್ರು. ನೀನು ಬರಂಗಿಲ್ಲ ಅಂತ ನಾನೇ ಕರೀಲಿಲ್ಲ.”

ನಾನು ಗೊಂಚಲನ್ನು ಕೈಗೆ ತೆಗೆದುಕೊಂಡೆ. ಅಷ್ಟು ವರ್ಷ ಮುಖ ತಿರುಗಿಸಿದ್ದ ವಾಸನೆಯನ್ನು ಮೊದಲ ಸಲ ಪೂರ್ತಿ ಒಳಗೆಳೆದುಕೊಂಡು ಹೇಳತೊಡಗಿದೆ. ಹುಣಸೆಯ ಹುಳಿ ಅಲ್ಲ, ಮಜ್ಜಿಗೆಯದೂ ಅಲ್ಲ. ಮೊದಲು ಮೂಗಿನ ತುದಿಗೆ ಚುರುಕ್ ಅನ್ನುತ್ತದೆ. ಆಮೇಲೆ ರಾತ್ರಿ ಕಾಸಿಟ್ಟ ಅಂಬಲಿಯ ಮುಚ್ಚಳ ಬಿಸಿಲೇರಿದ ಮೇಲೆ ತೆಗೆದ ಹಾಗೆ. ಕೊನೆಗೆ ನಮ್ಮವ್ವ ಹೊಲಿದು ರಾಶಿ ಹಾಕಿದ ಜೇಬುಗಳು ಮಳೆಗೆ ನೆಂದು, ಮೂಟೆಯಲ್ಲೇ ಉಳಿದಾಗ ಬರುತ್ತಿದ್ದಂಥದ್ದು. ಮಗಳು ಕಣ್ಣು ಅರ್ಧ ಮುಚ್ಚಿ ಕೇಳಿದಳು. ಮತ್ತೆ ಹೇಳು ಅಂದಳು. ಮತ್ತೆ ಹೇಳಿದೆ.

ಅವರಿಗೆ ಇಲ್ಲದ್ದು ನನ್ನ ಹತ್ತಿರ ಒಂದಿತ್ತು. ಎದುರಿಗೆ ಕೂತು ಹೇಳಿ ಅವರ ಹೊಟ್ಟೆ ಉರಿಸೋಣವೆಂದರೆ, ಈಗ ಅವರಿಲ್ಲ.